ಬರೆಯೋಕೆ ಒಂದು ಜಾಗ ಬೇಕು, ಎಲ್ಲಿ ಹೋಗ್ತೀರ ನೀವೆಲ್ಲ?

ಇಬ್ಬನಿ_ರಾಜಾಜಿನಗರ

ಕಾದಂಬರಿಯೊಂದು ಅರ್ಧಕ್ಕೆ ನಿಂತಿದೆ. ಕಥೆ ಹೊಳೆಯುತ್ತಿಲ್ಲ ಅಂತಲ್ಲ, ಕೂರೋಕೆ ಜಾಗ ಇಲ್ಲ.

ಒಂದೇ ಬೆಡ್‌ರೂಮಿನ ಮನೆ. ಅತ್ತೆ, ಗಂಡ, ಏಳನೇ ಕ್ಲಾಸಿನ ಮಗ, ನಾನು. ಸಂಜೆ ಆರಕ್ಕೆ ಹಾಲ್‌ನಲ್ಲಿ ಧಾರಾವಾಹಿ ಶುರು, ಹತ್ತಕ್ಕೆ ಮುಗಿಯುತ್ತದೆ. ರೂಮಿನಲ್ಲಿ ಮಗನ ಹೋಂವರ್ಕು, ಇಲ್ಲದಿದ್ದರೆ ಇವರ ಆಫೀಸ್ ಕಾಲ್. ಅಡುಗೆಮನೆ ಕಟ್ಟೆ ಮೇಲೆ ನಿಂತುಕೊಂಡೇ ಬರೆದು ನೋಡಿದೆ, ಕಾಲು ನೋವು ಬಂತು. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ, ಬೆಳಗ್ಗೆ ಒಂಬತ್ತರಿಂದ ಮಾರ್ಬಲ್ ಕತ್ತರಿಸುವ ಮೆಷಿನ್ನು. "ಬೆಳಗಿನ ಜಾವ ಎದ್ದು ಬರೀರಿ" ಅಂತ ದಯವಿಟ್ಟು ಯಾರೂ ಹೇಳಬೇಡಿ. ನಮ್ಮ ಬೀದಿಗೆ ಕಾವೇರಿ ನೀರು ಬಿಡೋದೇ ಬೆಳಗಿನ ಜಾವ, ಸಂಪು ತುಂಬಿತಾ ನೋಡೋದು ನನ್ನ ಕೆಲಸ.

ಕೆಫೆಗೆ ಹೋದೆ. ಕಾಫಿಗೆ ಇನ್ನೂರು ಚಿಲ್ಲರೆ, ಅದು ಮುಗಿದ ಮೇಲೆ ಬಂದು ಬಂದು "ಇನ್ನೇನಾದರೂ ಬೇಕಾ ಮೇಡಂ" ಅಂತ ಕೇಳುತ್ತಾರೆ. ಹತ್ತಿರದ ಒಂದು ಲೈಬ್ರರಿಗೂ ಹೋದೆ. ಪೇಪರ್ ಓದುವ ಹಾಲ್ ಬಿಟ್ಟರೆ ಕೂರೋಕೆ ಬೇರೆ ಕಡೆ ಇಲ್ಲ. ಇದ್ದವರೆಲ್ಲ ಗಂಡಸರು, ನಾನು ನೋಟ್‌ಬುಕ್ ತೆಗೆದ ಕೂಡಲೇ ಎಲ್ಲರೂ ತಲೆ ಎತ್ತಿ ನೋಡಿದರು. ಮುಕ್ಕಾಲು ಗಂಟೆ ಕೂತು ಎದ್ದು ಬಂದೆ.

ನೀವೆಲ್ಲ ಎಲ್ಲಿ ಕೂತು ಬರೀತೀರ? ನಿಜವಾಗಿ ಎಲ್ಲಿ?

—

ಸೋಮಾರಿ_ಸಂಪಾದಕ

ಬೇಜಾರು ಮಾಡ್ಕೋಬೇಡಿ, ಜಾಗ ಅನ್ನೋದು ಒಂದು ನೆಪ. ಬರೆಯುವವರು ಎಲ್ಲಿದ್ದರೂ ಬರೀತಾರೆ. ಮಾಸ್ತಿ ಮೈಸೂರು ಸರ್ಕಾರದಲ್ಲಿ ದೊಡ್ಡ ಅಧಿಕಾರಿ, ಊರಿಂದೂರಿಗೆ ವರ್ಗ, ಫೈಲುಗಳ ಮಧ್ಯೆಯೇ ಅಷ್ಟೊಂದು ಕಥೆ ಬರೆದರು. ಅವರಿಗೇನು ಹಿಮಾಲಯದಲ್ಲಿ ಗುಹೆ ಇತ್ತಾ? ಒಂದು ವಾರ ಟಿವಿ ಸದ್ದಿನಲ್ಲೇ ಕೂತು ಬರೀರಿ, ಕಿವಿ ತಾನಾಗಿ ಮುಚ್ಚಿಕೊಳ್ಳುತ್ತದೆ.

—

ತೋಟದಮನೆ_ತೀರ್ಥಹಳ್ಳಿ

@ಸೋಮಾರಿ_ಸಂಪಾದಕ ಸರ್, ಮಾಸ್ತಿಯವರು ಬರೆಯುವಾಗ ಒಲೆ ಮೇಲಿನ ಹಾಲು ಯಾರು ನೋಡಿಕೊಳ್ಳುತ್ತಿದ್ದರು? ಅದನ್ನೂ ಸ್ವಲ್ಪ ಹೇಳಿ.

—

ಸೋಮಾರಿ_ಸಂಪಾದಕ

ಆಯ್ತು ತಾಯಿ, ಆ ಪಾಯಿಂಟು ಒಪ್ಪಿದೆ. ಆದರೂ ನೆಪ ಅನ್ನೋದನ್ನ ವಾಪಸ್ ತಗೊಳ್ಳಲ್ಲ. ನನ್ನ ಹತ್ತಿರ ಬರುವ ಹಸ್ತಪ್ರತಿಗಳ ಜೊತೆ ಒಂದೊಂದು ಪತ್ರ ಇರುತ್ತದೆ, ಅರ್ಧದಷ್ಟರಲ್ಲಿ "ಸರಿಯಾದ ಜಾಗ ಸಿಕ್ಕಿದ್ದರೆ ಇನ್ನೂ ಚೆನ್ನಾಗಿ ಬರೀತಿದ್ದೆ" ಅಂತಲೇ ಇರುತ್ತದೆ. ಒಳ್ಳೆ ರೂಮು, ತೇಗದ ಟೇಬಲ್ಲು, ಎಸಿ ಎಲ್ಲ ಇರುವವರೂ ಇದನ್ನೇ ಬರೆದಿರುತ್ತಾರೆ.

—

ಪಿಎಚ್‌ಡಿ_ಪರದಾಟ

ಕಿವಿ ತಾನಾಗಿ ಮುಚ್ಚಿಕೊಳ್ಳುತ್ತದೆ ಅಂದಿರಲ್ಲ ಸರ್, ಅದು ಅಷ್ಟು ಸುಲಭ ಇಲ್ಲ. ನಾನು ಓದುತ್ತಿರೋದು ಸೈಕಾಲಜಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ಸದ್ದು ಜೋರಾಗಿದೆಯಾ ಮೆಲ್ಲಗಿದೆಯಾ ಅನ್ನೋದಕ್ಕಿಂತ ಅದು ಯಾವ ಥರದ ಸದ್ದು ಅನ್ನೋದು ಮುಖ್ಯ. ಫ್ಯಾನು, ಮಳೆ, ದೂರದ ರಸ್ತೆ, ಇವು ಒಂದೇ ಸಮನೆ ಇರುತ್ತವೆ, ತಲೆ ಬೇಗ ಅವನ್ನು ಬಿಟ್ಟುಬಿಡುತ್ತದೆ. ಮಾತು ಹಾಗಲ್ಲ, ಪ್ರತಿ ಕ್ಷಣ ಬದಲಾಗುತ್ತಿರುತ್ತದೆ. 1976ರಷ್ಟು ಹಿಂದೆಯೇ ಪ್ರಯೋಗ ಮಾಡಿ ತೋರಿಸಿದ್ದಾರೆ, "ಹಿಂದೆ ಕೇಳುವ ಮಾತನ್ನ ಗಮನಿಸಬೇಡಿ" ಅಂತ ಮೊದಲೇ ಹೇಳಿದ್ದರೂ ಕಣ್ಣೆದುರು ತೋರಿಸಿದ್ದನ್ನು ಕ್ರಮವಾಗಿ ನೆನಪಿಟ್ಟುಕೊಳ್ಳೋದು ಜನರಿಗೆ ಕಷ್ಟವಾಯಿತು. ಬರವಣಿಗೆ ಮೇಲೇ ನೇರವಾಗಿ ಮಾಡಿದ ಪ್ರಯೋಗವೂ ಇದೆ. 2012ರಲ್ಲಿ ಸ್ವೀಡನ್ನಿನವರು ಜನರನ್ನು ಕೂರಿಸಿ ಚಿಕ್ಕ ಚಿಕ್ಕ ಕಥೆ ಬರೆಸಿದರು. ಹಿನ್ನೆಲೆಯಲ್ಲಿ ಒಮ್ಮೆ ಅರ್ಥವಾಗುವ ಮಾತು, ಇನ್ನೊಮ್ಮೆ ಅದೇ ಥರದ ಧ್ವನಿಯನ್ನು ತಿರುಚಿ ಒಂದು ಪದವೂ ಅರ್ಥವಾಗದ ಹಾಗೆ ಮಾಡಿದ್ದು. ಬರವಣಿಗೆಗೆ ಜಾಸ್ತಿ ಅಡ್ಡಿಯಾಗಿದ್ದು ಅರ್ಥವಾಗುವ ಮಾತು.

ಕಾರಣ ಊಹಿಸಬಹುದು. ನೀವು ತಲೆಯೊಳಗೆ ಪದ ಹುಡುಕುತ್ತಿರುತ್ತೀರಿ, ಅದೇ ಹೊತ್ತಿಗೆ ಧಾರಾವಾಹಿಯ ಅತ್ತೆ ಬೇರೆ ಪದಗಳನ್ನು ತಂದು ಕಿವಿಗೆ ಹಾಕುತ್ತಾ ಇರುತ್ತಾಳೆ.

ಹಾಗಾಗಿ ಇಬ್ಬನಿ ಮೇಡಂ, ನಿಮಗೆ ಮಾರ್ಬಲ್ ಮೆಷಿನ್ನಿಗಿಂತ ದೊಡ್ಡ ಶತ್ರು ಟಿವಿ ಇರಬಹುದು.

—

ಇಬ್ಬನಿ_ರಾಜಾಜಿನಗರ

@ಪಿಎಚ್‌ಡಿ_ಪರದಾಟ ಅಯ್ಯೋ ಇದು ನಿಜ! ಮೆಷಿನ್ ಸದ್ದಿಗೆ ತಲೆನೋವು ಬರುತ್ತದೆ, ಆದರೆ ಆಗ ಒಂದೆರಡು ಪುಟ ಹೇಗೋ ಸಾಗುತ್ತದೆ. ಧಾರಾವಾಹಿ ನಡೀತಿರುವಾಗ ಬರೆದದ್ದನ್ನು ಓದಿದರೆ ನನ್ನ ಪಾತ್ರಗಳೂ ಅದೇ ಥರ ಮಾತಾಡ್ತಿರುತ್ತವೆ.

—

ಶಾರ್ಜಾ_ಮಾಣಿ

ಮಾರಾಯ್ರೆ, ಈಗ ಗೊತ್ತಾಯ್ತು ನಂದು ಯಾಕೆ ನಡೀತದೆ ಅಂತ. ನಾನು ಕುಂದಾಪುರದ ಕಡೆಯವ, ಇಲ್ಲಿ ಕಂಪನಿ ಕೊಟ್ಟ ರೂಮಿನಲ್ಲಿ ಆರು ಜನ. ಇಬ್ಬರು ಬಂಗಾಳಿ, ಒಬ್ಬ ನೇಪಾಳಿ, ಉಳಿದವರು ಪಠಾಣರು. ರಾತ್ರಿ ಎಲ್ಲ ಒಟ್ಟಿಗೆ ಊರಿಗೆ ಫೋನ್ ಹಚ್ಚಿ ಮಾತಾಡ್ತಾರೆ. ನಾನು ಮಂಚದ ಮೇಲಿನ ಅಂತಸ್ತಿನಲ್ಲಿ ಗೋಡೆ ಕಡೆ ತಿರುಗಿ ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡ್ತಾ ಇರ್ತೇನೆ. ಪಶ್ತೋ ಒಂದಕ್ಷರ ಅರ್ಥ ಆಗುದಿಲ್ಲ, ಬಂಗಾಳಿ ಕೂಡ ಹಾಗೇ. ಎಲ್ಲ ಸೇರಿ ಮಳೆ ಸದ್ದಿನ ಹಾಗೆ ಕೇಳ್ತದೆ. ಹೋದ ವರ್ಷ ಒಬ್ಬ ಉಡುಪಿಯವ ಬಂದು ಸೇರಿದ್ದ ನೋಡಿ, ಅವ ಫೋನಿನಲ್ಲಿ ಹೆಂಡತಿ ಹತ್ತಿರ ಜಗಳ ಆಡುವಾಗ ಒಂದು ಸಾಲೂ ಬರೀಲಿಕ್ಕೆ ಆಗ್ತಿರಲಿಲ್ಲ. ಜಗಳದಲ್ಲಿ ಯಾರ ಕಡೆ ನ್ಯಾಯ ಅಂತ ಯೋಚನೆ ಮಾಡ್ತಾ ಕೂತುಬಿಡ್ತಿದ್ದೆ.

ಶುಕ್ರವಾರ ಮಾತ್ರ ಗೆಳೆಯನ ಕಾರು. ನೆರಳಿರುವ ಕಡೆ ನಿಲ್ಲಿಸಿ ಹಿಂದಿನ ಸೀಟಿನಲ್ಲಿ ಕೂರುದು. ಬೇಸಗೆಯಲ್ಲಿ ಅದೂ ಆಗುದಿಲ್ಲ, ಬೆಂದುಹೋಗ್ತೇವೆ.

—

ನೈಟ್‌ಶಿಫ್ಟ್_ನಾಗ

ಬೆಂಗಳೂರಲ್ಲಿ ಹುಟ್ಟಿ ಬೆಳೆದವರಿಗೆ ಆ ಭಾಗ್ಯವೂ ಇಲ್ಲ ಗುರು. ತಮಿಳು ಅರ್ಥವಾಗುತ್ತದೆ, ತೆಲುಗು ಅರ್ಥವಾಗುತ್ತದೆ, ಹಿಂದಿ, ಉರ್ದು, ಇಂಗ್ಲಿಷ್ ಎಲ್ಲ ಅರ್ಥವಾಗುತ್ತದೆ. ಕೆಫೆಯಲ್ಲಿ ಪಕ್ಕದ ಟೇಬಲಿನವನು ಯಾವ ಭಾಷೆಯಲ್ಲಿ ಫಂಡಿಂಗ್ ಕೇಳಿದರೂ ನನ್ನ ತಲೆಯೊಳಗೆ ನೇರ ಬಂದು ಕೂರುತ್ತಾನೆ.

ನಾನು ಮೆಟ್ರೋದಲ್ಲಿ ಬರೆಯೋದು. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ, 43 ಕಿಲೋಮೀಟರು. ನನ್ನ ಡ್ಯೂಟಿ ಮುಗಿಯೋದು ಬೆಳಗ್ಗೆ, ಎಲ್ಲರೂ ವೈಟ್‌ಫೀಲ್ಡ್ ಕಡೆ ನುಗ್ಗುವ ಹೊತ್ತಿಗೆ ನಾನು ಎದುರು ದಿಕ್ಕಿನಲ್ಲಿ ಬರುತ್ತೇನೆ, ಸೀಟು ಸಿಗುತ್ತದೆ. ಸುರಂಗದಲ್ಲಿ ಹೋಗುವಾಗ ನೆಟ್‌ವರ್ಕ್ ಕೈಕೊಟ್ಟರೆ ಇನ್ನೂ ಒಳ್ಳೇದು. ಆದರೆ ಬರೆಯೋಕೆ ಅಂತಲೇ ಹೋಗಿ ಆ ತುದಿಯಿಂದ ಈ ತುದಿಗೆ ಸುತ್ತುತ್ತಾ ಇರ್ತೀನಿ ಅಂದುಕೊಳ್ಳಬೇಡಿ. ಒಳಗೆ ಎಷ್ಟು ಹೊತ್ತು ಇರಬಹುದು ಅನ್ನೋದಕ್ಕೂ ಮಿತಿ ಇದೆ, ಮೀರಿದರೆ ದಂಡ. 2025ರ ಫೆಬ್ರವರಿಯಲ್ಲಿ ದರ ಬೇರೆ ಏರಿಸಿ, ದೂರದ ಪ್ರಯಾಣಕ್ಕೆ 90 ರೂಪಾಯಿ ಮಾಡಿದರು. ಕೆಫೆ ಕಾಫಿಗಿಂತ ಕಡಿಮೆಯೇ, ಒಪ್ತೀನಿ.

—

ತುಮಕೂರು_ತಂಗಿ

ನಾನು ಸರ್ಕಾರಿ ಬಸ್ಸು. ನಗಬೇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಭಾನುವಾರ "ಅಕ್ಕನ ಮನೆಗೆ ಹೋಗಿ ಬರ್ತೀನಿ" ಅಂತ ಹೊರಟರೆ ಹೋಗುವಾಗ ಎರಡು ಗಂಟೆ, ಬರುವಾಗ ಎರಡು ಗಂಟೆ. ಕಿಟಕಿ ಸೀಟು ಸಿಕ್ಕರೆ ಸಾಕು. ಪೆನ್ನಿನಲ್ಲಿ ಬರೆದರೆ ಡಾಕ್ಟರ್ ಚೀಟಿ ಆಗುತ್ತದೆ, ಅದಕ್ಕೆ ಮೊಬೈಲು. ಕಷ್ಟ ಏನಪ್ಪಾ ಅಂದರೆ ಹೆಂಗಸರಿಗೆಲ್ಲ ಫ್ರೀ ಆಗಿರೋದರಿಂದ ಬಸ್ಸು ಯಾವಾಗಲೂ ತುಂಬಿರುತ್ತದೆ, ಪಕ್ಕದಲ್ಲಿ ಕೂತ ಅಜ್ಜಿ "ಏನವ್ವಾ ಅಷ್ಟೊತ್ತಿಂದ ಬರೀತಿದ್ದೀಯ, ಗಂಡಂಗಾ?" ಅಂತ ಕೇಳಿಯೇ ಕೇಳುತ್ತಾರೆ. ಹೌದು ಅಂದುಬಿಡ್ತೀನಿ. ಆಮೇಲೆ ತೊಂದರೆ ಕೊಡಲ್ಲ.

—

ಕೆಂಪುಕಟ್ಟಡ_ಅಭಿಮಾನಿ

ನಿವೃತ್ತ ಮನುಷ್ಯ, ಊರಿನ ಲೈಬ್ರರಿಗಳಲ್ಲೇ ನನ್ನ ದಿನ ಕಳೆಯುತ್ತದೆ, ಹಾಗಾಗಿ ಈ ವಿಷಯ ನನಗೆ ಬಿಡಿ.

ಮೊದಲು ಒಂದು ಮಾತು. ಲೈಬ್ರರಿಗೆ ಹೋಗಲು ಸಂಕೋಚ ಬೇಡ, ನೀವು ದುಡ್ಡು ಕೊಟ್ಟಿದ್ದೀರಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಸೇರುತ್ತದೆ. ಬಾಡಿಗೆ ಮನೆಯವರೂ ಓನರ್ ಮೂಲಕ ಕೊಟ್ಟ ಹಾಗೆಯೇ ಲೆಕ್ಕ. ಇಷ್ಟು ದುಡ್ಡು ಸಂಗ್ರಹವಾಗುವ ಊರಿನಲ್ಲಿ ಹೆಂಗಸೊಬ್ಬರು ಕೂತು ಬರೆಯಲು ನಾಲ್ಕು ಟೇಬಲ್ ಇಲ್ಲ ಅಂದರೆ ಅದು ನಾಚಿಕೆಗೇಡು. ಅದು ಬೇರೆ ಜಗಳ, ಇನ್ನೊಂದು ದಿನ ಆಡೋಣ.

ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ ಎಲ್ಲರಿಗೂ ಗೊತ್ತು. ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಅಲ್ಲಿ ಲೈಬ್ರರಿ ಶುರುವಾಗಿದ್ದು 1915ರಲ್ಲಿ. ಎತ್ತರದ ಸೂರು, ಮರದ ಕಪಾಟು, ಕಿಟಕಿ ಹೊರಗೆ ಮರಗಳು. ಸೋಮವಾರ ಮಾತ್ರ ಹೋಗಬೇಡಿ, ಸಾರ್ವಜನಿಕ ಗ್ರಂಥಾಲಯಗಳಿಗೆ ಅವತ್ತು ರಜೆ. ಭಾನುವಾರ ಪಾರ್ಕಿನೊಳಗೆ ಗಾಡಿ ಬಿಡೋದಿಲ್ಲ, ನಡೆದು ಹೋಗಬೇಕು. ಅದೇ ಒಳ್ಳೇದು.

ಬಸವನಗುಡಿ ಕಡೆ ಬರೋದಾದರೆ ಬಿ.ಪಿ. ವಾಡಿಯಾ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆ, ಎನ್.ಆರ್. ಕಾಲೊನಿ ಹತ್ತಿರ ಡಿವಿಜಿ ಕಟ್ಟಿದ ಗೋಖಲೆ ಸಂಸ್ಥೆ. ಎರಡೂ 1945ರಲ್ಲಿ ಹುಟ್ಟಿದವು, ಎರಡರಲ್ಲೂ ಲೈಬ್ರರಿ ಇದೆ. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನಲ್ಲೂ ಇದೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ 1909ರದು, ಇತಿಹಾಸದ ಕಾದಂಬರಿ ಬರೆಯುವವರಿಗೆ ಹೇಳಿಮಾಡಿಸಿದ ಜಾಗ. ಕೆಲವು ಕಡೆ ಸದಸ್ಯರಾಗಬೇಕು, ಸಮಯವೂ ಒಂದೊಂದು ಕಡೆ ಒಂದೊಂದು ಥರ, ಹೋಗುವ ಮುಂಚೆ ಫೋನ್ ಮಾಡಿ.

ಒಂದು ಸಲಹೆ. ಹೋದ ಕೂಡಲೇ ನೋಟ್‌ಬುಕ್ ತೆರೆಯಬೇಡಿ. ದಪ್ಪನೆ ಪುಸ್ತಕವೊಂದನ್ನು ಎದುರಿಗೆ ತೆರೆದಿಟ್ಟುಕೊಂಡು, ಅದರ ಪಕ್ಕದಲ್ಲಿ ಬರೆಯಿರಿ. ನೋಡುವವರಿಗೆ ನೀವು ಏನೋ ರೆಫರೆನ್ಸ್ ಮಾಡುತ್ತಿದ್ದೀರಿ ಅನಿಸುತ್ತದೆ. ನಾನು ಶಾಸನಗಳ ಸಂಪುಟ ಇಟ್ಟುಕೊಳ್ಳುತ್ತೇನೆ. ಯಾರೂ ಕೇಳುವ ಧೈರ್ಯ ಮಾಡುವುದಿಲ್ಲ.

—

ತುಮಕೂರು_ತಂಗಿ

ಶಾಸನಗಳ ಸಂಪುಟ 😂 ಸರ್ ನೀವು ಸೂಪರ್.

—

ಕೆರೆದಂಡೆ_ಮೈಸೂರು

ಲೈಬ್ರರಿ, ಪಾರ್ಕು, ಕಿಟಕಿ ಹೊರಗೆ ಮರ ಅಂತೆಲ್ಲ ಕೇಳಿದಾಗ ಆರ್.ಕೆ. ನಾರಾಯಣ್ ನೆನಪಾಗುತ್ತಾರೆ. ನಮ್ಮ ಯಾದವಗಿರಿಯಲ್ಲಿ ಅವರ ಮನೆ ಇದೆ, 2016ರಲ್ಲಿ ಮ್ಯೂಸಿಯಂ ಮಾಡಿದರು. ಮಹಡಿ ಮೇಲೆ ಅರ್ಧ ಚಂದ್ರಾಕಾರದ ಒಂದು ಕೋಣೆ, ಎಂಟು ಕಿಟಕಿ. ಬರೆಯೋಕೆ ಅಂತ ಆಸೆಯಿಂದ ಮಾಡಿಸಿಕೊಂಡ ಕೋಣೆ. ಆದರೆ ಆಚೆ ಚಾಮುಂಡಿ ಬೆಟ್ಟ, ಹೂವಿನ ಮರ, ಓಡಾಡುವ ಜನ, ಅದನ್ನೇ ನೋಡುತ್ತಾ ಕೂತರೆ ಬರವಣಿಗೆ ಎಲ್ಲಿ ಸಾಗಬೇಕು? ಕೊನೆಗೆ ಕಿಟಕಿಗಳಿಗೆ ದಪ್ಪನೆ ಬೂದುಬಣ್ಣದ ಪರದೆ ಎಳೆದು, ಆ ಪರದೆ ನೋಡಿಕೊಂಡೇ ಬರೆದರಂತೆ. ಅವರೇ ಹೇಳಿಕೊಂಡಿದ್ದಾರೆ.

ಒಳ್ಳೆ ಜಾಗ ಅಂದರೆ ಚಂದದ ಜಾಗ ಅಂದುಕೊಳ್ಳುತ್ತೇವೆ, ಅಲ್ಲೇ ಎಡವಟ್ಟು. ನಾನು ಕುಕ್ಕರಹಳ್ಳಿ ಕೆರೆ ದಂಡೆ ಮೇಲೆ ಕೂತು ಬರೆಯೋಕೆ ತುಂಬ ದಿನ ಒದ್ದಾಡಿದೆ. ಹಕ್ಕಿ ಎಣಿಸೋದೇ ಆಯಿತು. ಈಗ ಅಲ್ಲಿ ನಡೆಯೋದು ಮಾತ್ರ. ನಡೆಯುವಾಗ ಮುಂದಿನ ಸಾಲು ಕೂಡಿಸಿಕೊಂಡು, ಬಂದು ಮನೆಯ ಸ್ಟೋರ್ ರೂಮಿನಲ್ಲಿ ಅಕ್ಕಿ ಮೂಟೆ ಪಕ್ಕ ಕೂತು ಬರೀತೀನಿ. ಕಿಟಕಿ ಇಲ್ಲ. ತುಂಬಾ ಚೆನ್ನಾಗಿದೆ.

—

ನೈಟ್‌ಶಿಫ್ಟ್_ನಾಗ

ಹಾಗಾದರೆ ಮಲೆನಾಡಿನ ಹೋಂಸ್ಟೇಗೆ ಒಂದು ವಾರ ಹೋಗಿ ಬರೆದು ಮುಗಿಸಿಬಿಡೋಣ ಅಂತ ನಾನು ದುಡ್ಡು ಕೂಡಿಸುತ್ತಿರೋದು ದಂಡನಾ?

—

ತೋಟದಮನೆ_ತೀರ್ಥಹಳ್ಳಿ

@ನೈಟ್‌ಶಿಫ್ಟ್_ನಾಗ ಬನ್ನಿ, ನಿಮ್ಮ ಹಾಗೆ ಬಂದವರನ್ನು ಬೇಕಾದಷ್ಟು ನೋಡಿದ್ದೀನಿ. ಪಕ್ಕದ ಮನೆಯವರು ಹೋಂಸ್ಟೇ ನಡೆಸುತ್ತಾರೆ. ಮೊದಲ ದಿನ ಮಂಜು ನೋಡುತ್ತಾರೆ. ಎರಡನೇ ದಿನ ಕವಿಶೈಲಕ್ಕೆ ಹೋಗಿ ಬರುತ್ತಾರೆ. ಮೂರನೇ ದಿನ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಸತ್ತಿರುತ್ತದೆ. ನಾಲ್ಕನೇ ದಿನ ಉಂಬಳ ಕಚ್ಚಿಸಿಕೊಂಡು ಊರಿಗೆ ಹೊರಡುತ್ತಾರೆ.

ಇಲ್ಲೇ ಇರುವ ನಮಗೋ, ಹತ್ತು ಕೋಣೆಯ ಮನೆ. ಹತ್ತೂ ಖಾಲಿ. ಮಳೆಗಾಲದಲ್ಲಿ ಮಾತಾಡಿಸಲು ಒಂದು ಜನ ಇಲ್ಲ. ಬರೆಯೋಕೆ ಇದಕ್ಕಿಂತ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಕೂತ ಕೂಡಲೇ ಕೊಟ್ಟಿಗೆಯಿಂದ ಕರು ಕೂಗುತ್ತದೆ, ಅಡಿಕೆ ಔಷಧಿ ಹೊಡೆಯುವವರು ಬಂದಿದ್ದಾರೆ ಅಂತ ಮಾವ ಕರೆಯುತ್ತಾರೆ, ಅವರಿಗೆ ತಿಂಡಿ, ಹತ್ತೂವರೆಗೆ ಕಾಫಿ, ಮಧ್ಯಾಹ್ನ ಊಟ. ಮನೆ ಎಷ್ಟು ದೊಡ್ಡದಿದ್ದರೂ ಮನೆಯವರಿಗೆ ನಾನು ಎಲ್ಲಿದ್ದೀನಿ ಅಂತ ಗೊತ್ತು. ಅದೇ ತೊಂದರೆ. ಸದ್ದಿಗಿಂತ ನನ್ನನ್ನು ಎಬ್ಬಿಸೋದು ನನ್ನ ಹೆಸರು. ಯಾರೂ ಕರೆಯದೇ ಇದ್ದಾಗಲೂ, ಈಗ ಕರೆಯಬಹುದು ಅಂತ ಕಿವಿ ಕಾಯುತ್ತಾ ಇರುತ್ತದೆ.

ನಾನು ಬರೆಯೋದು ಎಲ್ಲಿ ಗೊತ್ತಾ? ಶಿವಮೊಗ್ಗದಲ್ಲಿ ಅಮ್ಮನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗ್ತೀನಿ. ನಾಲ್ಕು ಗಂಟೆ ಹೊರಗೆ ಬೆಂಚಿನ ಮೇಲೆ. ಟೋಕನ್ ನಂಬರ್ ಕೂಗುತ್ತಾರೆ, ಮಕ್ಕಳು ಅಳುತ್ತವೆ, ಟ್ರಾಲಿ ಓಡಾಡುತ್ತದೆ. ಅಲ್ಲಿ ನನ್ನಿಂದ ಯಾರಿಗೂ ಏನೂ ಬೇಕಿಲ್ಲ. ನನ್ನ ಕಥೆಗಳಲ್ಲಿ ಜಾಸ್ತಿ ಪಾಲು ಆ ಬೆಂಚಿನ ಮೇಲೆ ಬರೆದವು. ಇದನ್ನು ಹೇಳಿಕೊಳ್ಳೋಕೆ ಒಂಥರಾ ಆಗುತ್ತದೆ, ಆದರೆ ಇರೋದು ಹಾಗೆ.

—

ಇಬ್ಬನಿ_ರಾಜಾಜಿನಗರ

@ತೋಟದಮನೆ_ತೀರ್ಥಹಳ್ಳಿ ಅಕ್ಕಾ, ಅಮ್ಮ ಹುಷಾರಾಗಿರಲಿ. ನೀವು ಹೇಳಿದ್ದನ್ನು ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. "ನನ್ನಿಂದ ಯಾರಿಗೂ ಏನೂ ಬೇಕಿಲ್ಲ" ಅನ್ನುವ ಜಾಗ. ನನಗೂ ಬೇಕಾಗಿರೋದು ಅದೇ ಅನಿಸುತ್ತೆ, ನಾನು ಸುಮ್ನೆ ಸದ್ದು ಸದ್ದು ಅಂತ ಹೇಳಿಕೊಂಡು ಬಂದೆ.

—

ಸೋಮಾರಿ_ಸಂಪಾದಕ

ಇದನ್ನ ಒಪ್ಪಬೇಕು. ಇಷ್ಟು ಹೊತ್ತು ಬಂದ ಉತ್ತರಗಳನ್ನೇ ನೋಡಿ. ಮೆಟ್ರೋ, ಬಸ್ಸು, ಆಸ್ಪತ್ರೆ, ಶಾರ್ಜಾದ ರೂಮು. ಲೈಬ್ರರಿ ಬಿಟ್ಟರೆ ಒಂದೂ ನಿಶ್ಶಬ್ದ ಜಾಗ ಅಲ್ಲ. ಸ್ಟೋರ್ ರೂಮಿನವರೊಬ್ಬರು ಬಿಟ್ಟರೆ ಎಲ್ಲರೂ ಗುರುತಿಲ್ಲದವರ ನಡುವೆ ಕೂತು ಬರೆಯುವವರೇ. ಅಮೆರಿಕದ ಕವಯಿತ್ರಿ ಮಾಯಾ ಏಂಜೆಲೊ ತಮ್ಮ ಊರಿನಲ್ಲೇ, ಸ್ವಂತ ಮನೆ ಇದ್ದರೂ, ಹೋಟೆಲ್ ರೂಮೊಂದನ್ನು ಬಾಡಿಗೆಗೆ ಹಿಡಿದು ಬೆಳಗ್ಗೆ ಹೋಗಿ ಬರೆಯುತ್ತಿದ್ದರು, ಗೋಡೆ ಮೇಲಿನ ಚಿತ್ರಗಳನ್ನೂ ತೆಗೆಸುತ್ತಿದ್ದರು. ಅದಕ್ಕೆ ದುಡ್ಡು ಬೇಕು, ನಮ್ಮಲ್ಲಿ ಬರೆದು ಆ ದುಡ್ಡು ಬರಲ್ಲ. ನಾನೇ ಕೊಡಲ್ಲ, ನನಗೆ ಗೊತ್ತಿಲ್ಲವಾ.

—

ತುಮಕೂರು_ತಂಗಿ

ಸಂಪಾದಕರು ಕೊನೆಗೂ ಬಾಯಿಬಿಟ್ಟರು!

—

ಪಿಎಚ್‌ಡಿ_ಪರದಾಟ

ಜಾಗದ ಮಾತು ಆಯ್ತು. ಫೋನಿನ ಬಗ್ಗೆ ಯಾರೂ ಹೇಳಲಿಲ್ಲ. ಕನ್ನಡದಲ್ಲಿ ಬರೆಯುವವರಲ್ಲಿ ಈಗ ಎಷ್ಟು ಜನ ಮೊಬೈಲಿನಲ್ಲೇ ಬರೀತಾರೆ ನೋಡಿ, ಈ ಚರ್ಚೆಯಲ್ಲೇ ಇಬ್ಬರು. ಬರೆಯುವ ಹಲಗೆಯೂ ಅದೇ, ವಾಟ್ಸಾಪೂ ಅದರಲ್ಲೇ. ಯಾರೂ ಗುರುತಿಲ್ಲದ ಬಸ್ಸಿನಲ್ಲಿ ಕೂತರೂ ಜೇಬಿನಲ್ಲಿ ಇಡೀ ಕುಟುಂಬ ಕೂತಿರುತ್ತದೆ.

—

ನೈಟ್‌ಶಿಫ್ಟ್_ನಾಗ

ಫ್ಲೈಟ್ ಮೋಡ್ ಹಾಕಿ, ಅಷ್ಟೇ. ಕನ್ನಡ ಕೀಬೋರ್ಡ್ ನೆಟ್ ಇಲ್ಲದೇ ಕೆಲಸ ಮಾಡುತ್ತದೆ. ನನ್ನ ಹತ್ತಿರ ಒಂದು ಹಳೇ ಫೋನ್ ಇದೆ, ಸಿಮ್ ಇಲ್ಲ, ವೈಫೈ ಪಾಸ್‌ವರ್ಡ್ ಹಾಕಿಲ್ಲ, ನೋಟ್ಸ್ ಆ್ಯಪ್ ಬಿಟ್ಟು ಎಲ್ಲ ತೆಗೆದುಹಾಕಿದ್ದೀನಿ. ಪರದೆ ಒಡೆದಿದೆ, ಮಾರಿದರೆ ಐನೂರೂ ಬರಲ್ಲ. ಬರೆಯೋಕೆ ಅದಕ್ಕಿಂತ ಒಳ್ಳೆ ಯಂತ್ರ ನಾನು ನೋಡಿಲ್ಲ.

—

ಕೆಂಪುಕಟ್ಟಡ_ಅಭಿಮಾನಿ

ನಾನು ಪೆನ್ನು, ಕಾಗದ. ಮನೆಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಯಲ್ಲಿ ಟೈಪ್ ಮಾಡುತ್ತೇನೆ. ಎರಡು ಸಲ ಬರೆದ ಹಾಗೆ ಆಗುತ್ತದೆ, ಎರಡನೇ ಸಲ ಅರ್ಧ ಉದುರಿಹೋಗುತ್ತದೆ, ಒಳ್ಳೇದೇ ಆಯಿತು. ಬಾಯಲ್ಲಿ ಹೇಳಿ ಟೈಪ್ ಮಾಡಿಸುವ ಹೊಸ ವ್ಯವಸ್ಥೆ ಬಗ್ಗೆ ಮೊಮ್ಮಗ ಹೇಳಿಕೊಟ್ಟ. ಪ್ರಣಯದ ಸನ್ನಿವೇಶವನ್ನು ಲೈಬ್ರರಿಯಲ್ಲಿ ಕೂತು ಹೇಗಪ್ಪಾ ಬಾಯಲ್ಲಿ ಹೇಳಲಿ ಅಂತ ಕೇಳಿದೆ, ಅವನ ಹತ್ತಿರ ಉತ್ತರ ಇರಲಿಲ್ಲ.

—

ಸಪ್ತಾಪುರದಾಂವ

ಎಲ್ಲಾರಿಗೂ ನಮಸ್ಕಾರ್ರೀ. ಇಷ್ಟೊತ್ತು ಸುಮ್ನೆ ಓದ್ಕೋತ ಕೂತಿದ್ದೆ. ಯಾರೂ ಸ್ಟಡಿ ರೂಮಿನ ಹೆಸರು ಎತ್ತಲಿಲ್ಲಲ್ಲ?

ಧಾರವಾಡದ ಸಪ್ತಾಪುರಕ್ಕೆ ಬಂದವರಿಗೆ ಗೊತ್ತಿರುತ್ತದೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಉತ್ತರ ಕರ್ನಾಟಕದ ಹುಡುಗರು ಹುಡುಗಿಯರೆಲ್ಲ ಬಂದು ಓದುವ ಊರು. ಕೋಚಿಂಗ್ ಸೆಂಟರಿನಷ್ಟೇ ಸ್ಟಡಿ ರೂಮುಗಳೂ ಇವೆ. ಪ್ಲೈವುಡ್ಡಿನ ಗೂಡು, ಒಂದು ಕುರ್ಚಿ, ಒಂದು ಲೈಟು, ಒಂದು ಪ್ಲಗ್ ಪಾಯಿಂಟು, ಎದುರಿಗೆ ಗೋಡೆ. ತಿಂಗಳ ಬಾಡಿಗೆ. ನಾನು ಇದ್ದ ಕಡೆ ಸಾವಿರದ ಒಳಗೇ ಇತ್ತು. ಕೆಲವು ರಾತ್ರಿ ಪೂರ್ತಿ ತೆರೆದಿರುತ್ತವೆ. ಒಳಗೆ ಒಬ್ಬರೂ ಮಾತಾಡಂಗಿಲ್ಲ. ಫೋನ್ ರಿಂಗಾದರೆ ನಲವತ್ತು ಮಂದಿ ಒಮ್ಮೆಗೇ ತಿರುಗಿ ನೋಡ್ತಾರ, ಆ ನೋಟ ಸಾಕು, ಮತ್ತೊಮ್ಮೆ ಸೈಲೆಂಟ್ ಮಾಡೋದನ್ನ ಮರೆಯಲ್ಲ.

ನಾನು ಮೊದಲು ಪರೀಕ್ಷೆಗೇ ಹೋಗಿದ್ದು. ನೋಟಿಫಿಕೇಶನ್ ಆಗಲಿಲ್ಲ, ಆದ ಮೇಲೆ ಮುಂದಕ್ಕೆ ಹೋಯಿತು, ಆಮೇಲೆ ಕೋರ್ಟಿಗೆ ಹೋಯಿತು. ಅಷ್ಟರಲ್ಲಿ ಭಾರತದ ಸಂವಿಧಾನದ ಪುಸ್ತಕದ ಕೆಳಗೆ ನೋಟ್‌ಬುಕ್ ಇಟ್ಟು ಕಥೆ ಬರೆಯೋಕೆ ಶುರು ಮಾಡಿದ್ದೆ. ಈಗ ನೌಕರಿ ಬೇರೆ ಕಡೆ ಸಿಕ್ಕಿದೆ, ಆದರೂ ಸೀಟು ಬಿಟ್ಟಿಲ್ಲ. ಬೇಂದ್ರೆಯವರು ಇದ್ದ ಸಾಧನಕೇರಿ ಇಲ್ಲೇ ಹತ್ತಿರ, ಸಂಜೆ ಕೆರೆ ಕಡೆ ಒಂದು ಸುತ್ತು ಹಾಕ್ತೀನಿ, ಬರೆಯೋದು ಮಾತ್ರ ಗೂಡಿನಾಗ.

ಬೆಂಗಳೂರಲ್ಲಿ ವಿಜಯನಗರದ ಕಡೆ ಇಂಥವು ಬಾಳ ಅವ. ರಾಜಾಜಿನಗರದಿಂದ ಏನ್ ದೂರ ಇಲ್ಲಲ್ರಿ ಮೇಡಂ?

—

ಇಬ್ಬನಿ_ರಾಜಾಜಿನಗರ

@ಸಪ್ತಾಪುರದಾಂವ ಬಸ್ಸಿನಲ್ಲಿ ಹತ್ತಿರವೇ! ಇಷ್ಟು ವರ್ಷ ಆ ಬೋರ್ಡುಗಳ ಕೆಳಗೇ ಓಡಾಡಿದ್ದೀನಿ, ಅವು ಬರೀ ಪರೀಕ್ಷೆ ಮಕ್ಕಳಿಗೆ ಅಂದುಕೊಂಡಿದ್ದೆ. ನನ್ನ ವಯಸ್ಸಿನವರನ್ನ ಸೇರಿಸಿಕೊಳ್ತಾರಾ? ಹೆಂಗಸರಿಗೆ ಬೇರೆ ಕಡೆ ಇರುತ್ತಾ?

—

ಸಪ್ತಾಪುರದಾಂವ

ದುಡ್ಡು ಕೊಟ್ಟವರೆಲ್ಲ ವಿದ್ಯಾರ್ಥಿಗಳೇ ರೀ. ನಮ್ಮ ರೂಮಿನಾಗ ಬ್ಯಾಂಕಿನ ಪ್ರಮೋಶನ್ ಪರೀಕ್ಷೆಗೆ ಓದುವ ಅಂಕಲ್ ಒಬ್ಬರಿದ್ದಾರೆ, ತಲೆ ಪೂರ್ತಿ ಬೆಳ್ಳಗಾಗಿದೆ. ಹುಡುಗಿಯರಿಗೆ ಬೇರೆ ಸಾಲು ಇಟ್ಟಿರುತ್ತಾರೆ, ಕೆಲವು ಕಡೆ ಬೇರೆ ರೂಮೇ ಇರುತ್ತದೆ. ಒಂದು ದಿನ ಟ್ರಯಲ್ ಕೊಡಿ ಅಂತ ಕೇಳಿ, ಕೊಡ್ತಾರೆ.

—

ತುಮಕೂರು_ತಂಗಿ

ಅಕ್ಕಾ, ದುಡ್ಡು ಕಟ್ಟುವ ಮುಂಚೆ ಬಾತ್‌ರೂಂ ನೋಡಿ. ಒಳಗಿಂದ ಚಿಲಕ ಇದೆಯಾ, ನೀರು ಬರುತ್ತಾ. ಎಷ್ಟನೇ ಮಹಡಿ, ಮೆಟ್ಟಿಲಲ್ಲಿ ಲೈಟ್ ಇದೆಯಾ, ರಾತ್ರಿ ಎಂಟಕ್ಕೆ ಆ ಬೀದಿ ಹೇಗಿರುತ್ತೆ, ಎಲ್ಲ. ಗಂಡಸರು ಪ್ಲಗ್ ಪಾಯಿಂಟ್ ಬಗ್ಗೆ ಮಾತ್ರ ಹೇಳ್ತಾರೆ. ನಾನು ಬಸ್ಸಿನಲ್ಲಿ ಬರೆಯೋಕೂ ಇದೇ ಕಾರಣ. ನಮ್ಮ ಊರಿನಲ್ಲಿ ಒಂದು ರೂಮ್ ನೋಡಿದ್ದೆ, ಕಿಟಕಿಗೆ ಪೇಪರ್ ಅಂಟಿಸಿದ್ದರು, ಹೊರಗೆ ಹೋಗೋಕೆ ಒಂದೇ ಬಾಗಿಲು, ಅದಕ್ಕೂ ಶಟರ್ರು. ಬೆಂಕಿಗಿಂಕಿ ಬಿದ್ದರೆ ದೇವರೇ ಗತಿ.

—

ಶಾರ್ಜಾ_ಮಾಣಿ

ಮನೆಯಲ್ಲಿ ಏನು ಹೇಳ್ತೀರಿ? ದಿನಾ ಸಂಜೆ ಎರಡು ಗಂಟೆ ಎಲ್ಲಿಗೆ ಅಂತ ಕೇಳುದಿಲ್ವಾ?

—

ಇಬ್ಬನಿ_ರಾಜಾಜಿನಗರ

ಕೇಳ್ತಾರೆ. ಜಾಗಕ್ಕಿಂತ ಕಷ್ಟದ್ದು ಅದೇ. "ಬರೆಯೋಕೆ ಹೋಗ್ತೀನಿ, ಅದಕ್ಕೆ ತಿಂಗಳಿಗೆ ಇಷ್ಟು ದುಡ್ಡು ಕೊಡ್ತೀನಿ" ಅಂದರೆ ಅತ್ತೆಗೆ ಅರ್ಥ ಮಾಡಿಸೋದು ಹೇಗೆ? ನನ್ನ ಸಂಬಳದ್ದೇ ದುಡ್ಡು, ಆದರೂ. ಜಿಮ್‌ಗೆ ಅಂದರೆ ಯಾರೂ ಏನೂ ಅನ್ನಲ್ಲ.

—

ತೋಟದಮನೆ_ತೀರ್ಥಹಳ್ಳಿ

ಅತ್ತೆಗೆ ಸುಳ್ಳು ಹೇಳಬೇಡಿ ಮಾರಾಯ್ತಿ, ಒಂದು ದಿನ ಗೊತ್ತಾದರೆ ರಾದ್ಧಾಂತ. ನೇರವಾಗಿ ಹೇಳಿ. "ಆರೂವರೆಯಿಂದ ಎಂಟೂವರೆ ನಾನು ಮನೆಯಲ್ಲಿ ಇರಲ್ಲ, ಸಾರು ಮಾಡಿಟ್ಟಿರ್ತೀನಿ, ಅನ್ನಕ್ಕೆ ಮಗ ಕುಕ್ಕರ್ ಇಡ್ತಾನೆ." ಏಳನೇ ಕ್ಲಾಸಿನವನಿಗೆ ಕುಕ್ಕರ್ ಇಡೋಕೆ ಬರಲೇಬೇಕು. ಮೊದಲ ವಾರ ಮುಖ ಊದಿಸಿಕೊಳ್ಳುತ್ತಾರೆ. ಧಾರಾವಾಹಿಗೆ ಅಡ್ಡ ಮಾಡುವವರು ಒಬ್ಬರು ಕಡಿಮೆ ಆದರು ಅಂತ ಆಮೇಲೆ ಅವರಿಗೂ ಖುಷಿಯೇ.

—

ಸೋಮಾರಿ_ಸಂಪಾದಕ

ಗಂಡನ ಕೈಗೆ ಕುಕ್ಕರ್ ಯಾಕೆ ಬರಲಿಲ್ಲ ಈ ಲೆಕ್ಕದಲ್ಲಿ?

—

ತೋಟದಮನೆ_ತೀರ್ಥಹಳ್ಳಿ

ಸಂಪಾದಕರು ದಾರಿಗೆ ಬರುತ್ತಿದ್ದಾರೆ.

—

ಕೆಂಪುಕಟ್ಟಡ_ಅಭಿಮಾನಿ

ದುಡ್ಡು ಕೊಡದೇ ಆಗಬೇಕು ಅಂದರೆ ಶನಿವಾರ ಬೆಳಗ್ಗೆ ಕಬ್ಬನ್ ಪಾರ್ಕಿಗೆ ಬನ್ನಿ. ಕಬ್ಬನ್ ರೀಡ್ಸ್ ಅಂತ ಹುಡುಗ ಹುಡುಗಿಯರು ಚಾಪೆ ಹಾಸಿಕೊಂಡು ಮೌನವಾಗಿ ಓದುತ್ತಾ ಕೂರುತ್ತಾರೆ, ಕೆಲವು ವರ್ಷಗಳಿಂದ ನಡೆಯುತ್ತಿದೆ. ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಅವರ ನಡುವೆ ನೀವು ಕೂತು ಬರೆದರೆ ಕೇಳುವವರೇ ಇಲ್ಲ. ಜೂನ್ ಬಂದರೆ ಮಳೆ ನೋಡಿಕೊಂಡು ಬನ್ನಿ. ನನ್ನ ಹಾಗೆ ಮಂಡಿ ನೋವಿರುವವರು ಮಡಚುವ ಸ್ಟೂಲ್ ತನ್ನಿ.

—

ಇಬ್ಬನಿ_ರಾಜಾಜಿನಗರ

ಶನಿವಾರ ಕಬ್ಬನ್ ಪಾರ್ಕು ಖಂಡಿತ. ಇವತ್ತು ಆಫೀಸಿಂದ ಬರುವಾಗ ವಿಜಯನಗರದಲ್ಲಿ ಇಳಿದು ಮೂರು ಸ್ಟಡಿ ರೂಂ ನೋಡಿ ಬಂದೆ. ಒಂದರಲ್ಲಿ ಬಾತ್‌ರೂಂ ಸರಿ ಇಲ್ಲ. ಇನ್ನೊಂದು ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಮೂರನೆಯದು ಪರವಾಗಿಲ್ಲ, ಹೆಂಗಸರದ್ದು ಬೇರೆ ಕೋಣೆ, ಮೂಲೆ ಸೀಟು ಖಾಲಿ ಇದೆ. ಸೋಮವಾರದಿಂದ ಬನ್ನಿ ಅಂದರು. ಆದರೆ ಫಾರ್ಮಿನಲ್ಲಿ "ಯಾವ ಪರೀಕ್ಷೆಗೆ ತಯಾರಿ" ಅಂತ ಒಂದು ಕಾಲಂ ಇದೆ. ಖಾಲಿ ಬಿಡೋ ಹಾಗಿಲ್ಲವಂತೆ. ಏನಂತ ಬರೀಲಿ?

—

ಸಪ್ತಾಪುರದಾಂವ

ಕೆಎಎಸ್ ಅಂತ ಬರೀರಿ. ಎಷ್ಟು ವರ್ಷ ಬಂದರೂ ಯಾರಿಗೂ ಸಂಶಯ ಬರಂಗಿಲ್ಲ.